ಯಾರ ಕೈಗೂ ಹೊಂದದ ಪಿಸ್ತೂಲು

ಆ ಪಿಸ್ತೂಲು ನನ್ನ ಅಂಗಡಿಗೆ ಬಂದಾಗ ಅದರ ಕೊರಳಲ್ಲಿ ಚೆಂಡುಹೂವಿನ ಮಾಲೆ ಇತ್ತು. ಪಿಸ್ತೂಲಿಗೆ ಕೊರಳೆಲ್ಲಿ ಎಂದು ಕೇಳಬೇಡಿ. ನಳಿಗೆ ಮತ್ತು ಹಿಡಿಕೆ ಸೇರುವ ಜಾಗದಲ್ಲಿ ಯಾರೋ ಭಕ್ತಿಯಿಂದ ಕಟ್ಟಿದ್ದರು. ಮೈತುಂಬ ಗೇಟಿಗೆ ಬಳಿಯುವ ಬೆಳ್ಳಿ ಬಣ್ಣ. ಅದರ ಮೇಲೆ ಕುಂಕುಮ, ವಿಭೂತಿ, ಎಣ್ಣೆ ಕೂಡಿ ಗಟ್ಟಿಯಾದ ಪದರು. ಒಬ್ಬ ಪೊಲೀಸ್ ಪೇದೆ ಅದನ್ನು ಸ್ಟೀಲಿನ ಪರಾತದಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಅವನ ಹಿಂದೆ ಬೀಳಗಿ ತಾಲೂಕಿನ ಅನಗವಾಡಿ ಕಡೆಯ ಒಬ್ಬ ಗೌಡಶ್ಯಾನಿ, ಗೌಡರ ಮನೆಯ ಯಜಮಾನಿ. ಅವರ ಹಿಂದೆ ಅವರ ಮೈದುನ. ಆತನನ್ನು ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಅಂದೆ.

ಜಮಖಂಡಿ ಪೇಟೆಯಲ್ಲಿ ಬಂದೂಕು ರಿಪೇರಿಗೆ ಪರವಾನಗಿ ಇರುವ ಮಿಸ್ತ್ರಿ ನಾನು. ತುಬಚಿ, ಚಿಕ್ಕಪಡಸಲಗಿ ಕಡೆಯ ರೈತರು ಕಬ್ಬಿನೊಳಗೆ ಹೊಗುವ ಹಂದಿ ಹೆದರಿಸಲು ಇಟ್ಟುಕೊಂಡ ಜೋಡುನಳಿಗೆಯ ಬಂದೂಕುಗಳೇ ನನಗೆ ಅನ್ನ ಹಾಕುತ್ತವೆ. ಬೆರಳಿನಿಂದ ಎಳೆಯುವ ಕುದುರೆ ಮುರಿದದ್ದು, ಸ್ಪ್ರಿಂಗ್ ಸಡಿಲಾದದ್ದು, ನಳಿಗೆಯೊಳಗೆ ಕಣಜದ ಹುಳ ಗೂಡು ಕಟ್ಟಿದ್ದು, ಇಷ್ಟೇ ನನ್ನ ದಿನದ ಕೆಲಸ. ಪಿಸ್ತೂಲು ಬರುವುದೇ ಅಪರೂಪ. ಪೂಜೆ ಮಾಡಿಸಿಕೊಂಡ ಪಿಸ್ತೂಲು ಬಂದದ್ದು ಅದೇ ಮೊದಲು.

ಗೌಡಶ್ಯಾನಿ ವಿಷಯ ಹೇಳಿದರು. ಅವರ ಮಾವ, ದೊಡ್ಡ ಗೌಡರು, ತುಂಬು ವಯಸ್ಸಿನಲ್ಲಿ ತೀರಿಕೊಂಡಿದ್ದರು. ಗಂಡ ಅವರಿಗಿಂತ ಮೊದಲೇ ಹೋಗಿದ್ದರು. ಪಿಸ್ತೂಲಿನ ಪರವಾನಗಿ ಮಾವನ ಹೆಸರಿನಲ್ಲಿತ್ತು, ಈಗ ಇವರ ಹೆಸರಿಗೆ ಆಗಬೇಕು. ಬಾಗಲಕೋಟೆಯ ಕಚೇರಿಯವರು ಒಂದು ಮಾತು ಕೇಳಿದ್ದರು: ಇದು ಯಾವ ಕಂಪನಿಯದು, ಎಷ್ಟರ ಗುಂಡಿನದು, ನಂಬರ್ ಏನು? ಪರವಾನಗಿ ಇದ್ದ ಮಿಸ್ತ್ರಿಯಿಂದ ಬರೆಸಿಕೊಂಡು ಬನ್ನಿ. ಪರವಾನಗಿಯಲ್ಲಿ ಬರೆದ ನಂಬರಿಗೆ ತಾಳೆಯಾಗದಿದ್ದರೆ ಮಾಲು ಸರಕಾರಕ್ಕೆ ಜಮಾ. ಆಮೇಲೆ ಅದು ಕುಲುಮೆಗೆ.

"ಇದು ಹುಲಿ ಹೊಡದ ಪಿಸ್ತೂಲರಿ," ಎಂದ ಕಾಕಾ. "ನಮ್ಮ ಅಪ್ಪಾರು ಒಂದs ಗುಂಡಿಗೆ ಕೆಡವಿದ್ರು."

ನಾನು ನಳಿಗೆಯ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದೆ. ಒಳಗೆ ವಿಭೂತಿ ತುಂಬಿತ್ತು. ತೂತು ನನ್ನ ಕಿರುಬೆರಳಿನ ಉಗುರಿಗಿಂತ ಸಣ್ಣದು.

"ಹುಲಿ ಎಷ್ಟ ದೊಡ್ಡದಿತ್ರಿ ಕಾಕಾ?"

ಕಾಕಾ ಎರಡೂ ಕೈ ಚಾಚಿ ತೋರಿಸಿದ. ಅಂಗಡಿ ಸಣ್ಣದು, ಚಾಚಿದ ಕೈ ಪೇದೆಯ ಟೋಪಿಗೆ ಬಡಿಯಿತು.

ಮೊದಲ ಕೆಲಸ ಗುಂಡು ಇದೆಯೋ ಇಲ್ಲವೋ ನೋಡುವುದು. ಹಿಡಿಕೆಯ ಮುಂದಿದ್ದ ಸಣ್ಣ ಸನ್ನೆಗೋಲನ್ನು ಕೆಳಗೆ ಒತ್ತಿದರೆ ಹಿಂದಿನ ಉಕ್ಕಿನ ದಿಮ್ಮಿ ಇಳಿದು ನಳಿಗೆ ತೆರೆದುಕೊಳ್ಳಬೇಕು. ಒತ್ತಿದರೆ ಅಲುಗಾಡಲಿಲ್ಲ. ಎಣ್ಣೆ ಬಿಟ್ಟು, ಕಾಯ್ದು, ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಮತ್ತೆ ಎಣ್ಣೆ ಬಿಟ್ಟು, ಕೆಲವು ದಿನ ಅದನ್ನೇ ಮಾಡಿದೆ. ಹೇರ್ ಡ್ರೈಯರ್ ನನ್ನ ಹೆಂಡತಿಯದು. ಅಂಗಡಿಯ ಹಿಂದೆಯೇ ನಮ್ಮ ಮನೆ. ಕೊನೆಗೆ ದಿಮ್ಮಿ ಇಳಿಯಿತು. ಗುಂಡಿರಲಿಲ್ಲ. ದಿಮ್ಮಿಯನ್ನು ಪೂರ್ತಿ ಬಿಚ್ಚಿ ಬೇರೆ ಡಬ್ಬಿಯಲ್ಲಿಟ್ಟೆ. ಅದಿಲ್ಲದೆ ಪಿಸ್ತೂಲು ಬರೀ ಕೊಳವೆ.

ಆಮೇಲೆ ಬಣ್ಣ ತೆಗೆಯುವುದು. ಹಿಂದಿನ ಯಾವುದೋ ಮದುವೆಯಲ್ಲಿ ಮನೆಯ ಕಿಟಕಿ, ಗೇಟುಗಳಿಗೆ ಬಣ್ಣ ಹೊಡೆಸುವಾಗ ಪೇಂಟರ್ ಇದಕ್ಕೂ ಒಂದು ಕೈ ಆಡಿಸಿದ್ದನಂತೆ. ತಂತಿ ಬ್ರಷ್ ಹಾಕಿದರೆ ಒಂದು ತಾಸಿನ ಕೆಲಸ, ಆದರೆ ಹಳೆಯ ಉಕ್ಕಿನ ಮೈಬಣ್ಣವೂ ಹೋಗುತ್ತದೆ. ಹೋದ ಬಣ್ಣ ಮತ್ತೆ ಬರುವುದಿಲ್ಲ. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ, ಬಿದಿರು ಕಡ್ಡಿಯ ತುದಿಯಿಂದ, ಉಗುರಿನಷ್ಟು ಉಗುರಿನಷ್ಟೇ ತೆಗೆದೆ. ಕಾಕಾ ದಿನ ಬಿಟ್ಟು ದಿನ ಬಂದು ನೋಡಿಕೊಂಡು ಹೋಗುತ್ತಿದ್ದ. ಒಮ್ಮೆ ಹತ್ತಿ ಕೆಂಪಗಾದದ್ದನ್ನು ಕಂಡು ಕುರ್ಚಿಯಿಂದ ಎದ್ದೇ ಬಿಟ್ಟ.

"ರಗತ! ಹುಲಿ ರಗತ!"

"ಕುಂಕುಮರಿ."

"ಪರೀಕ್ಷಾ ಮಾಡಸ್ರಿ."

"ಕಾಕಾ, ಬೆಲ್ಲಕ್ಕ ಇರಿವಿ ಬಂದಂಗ ನೀವು ಬರತೀರಿ. ಕೂಡ್ರಿ, ಚಾ ಕುಡೀರಿ."

ಬೆಳ್ಳಿ ಬಣ್ಣದ ಕೆಳಗೆ ಎಣ್ಣೆ, ಎಣ್ಣೆಯ ಕೆಳಗೆ ಕುಂಕುಮ, ಅದರ ಕೆಳಗೆ ಮತ್ತೆ ಎಣ್ಣೆ. ಪ್ರತಿ ದಸರೆಯ ಖಂಡೆಪೂಜೆಗೆ, ಆಯುಧದ ಪೂಜೆಗೆ, ಒಂದು ಪದರು. ತುಕ್ಕು ಹತ್ತಿ ಹೊಂಡ ಬಿದ್ದಿರುತ್ತದೆ ಎಂದು ಹೆದರಿದ್ದೆ. ಆದರೆ ಆ ಜಿಡ್ಡು ಗಾಳಿಯನ್ನು ಒಳಗೆ ಬಿಟ್ಟಿರಲಿಲ್ಲ. ಕೆಳಗಿನ ಉಕ್ಕು ನವಿಲಿನ ಕತ್ತಿನ ಹಾಗೆ ಕಡುನೀಲಿಯಾಗಿ ಹೊಳೆಯಿತು. ಆ ಹೊತ್ತು ನಾನು ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. "ಛಲೋ ಐತಿ, ನನ್ನ ಡ್ರೈಯರ್ ಎಲ್ಲೈತಿ?" ಅಂದಳು.

ಇನ್ನು ಗುರುತು ಹಿಡಿಯುವ ಕೆಲಸ. ನಳಿಗೆಯ ಅಡಿಯಲ್ಲಿ ಕಿರೀಟದ ಸಣ್ಣ ಮುದ್ರೆಗಳು ಸಿಕ್ಕವು. ಅವು ಇಂಗ್ಲೆಂಡಿನ ಪರೀಕ್ಷೆಯ ಮುದ್ರೆಗಳು. ಹಾಗಾದರೆ ನಳಿಗೆ ಯಾವುದೋ ಗುರಿಪಂದ್ಯದ ರೈಫಲ್ಲಿನದು, ಕತ್ತರಿಸಿ ಗಿಡ್ಡ ಮಾಡಿದ್ದು. ದಿಮ್ಮಿ ಇಳಿಯುವ ಯಂತ್ರಭಾಗ ತರಬೇತಿಗೆ ಬಳಸುತ್ತಿದ್ದ ಸಣ್ಣ ರೈಫಲ್ಲಿನದು. ಅದನ್ನು ಅರದಿಂದ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ್ದರು. ಎರಡನ್ನೂ ಬೆಸೆದ ಜಾಗ ಭೂತಗನ್ನಡಿಗೂ ಕಾಣದಷ್ಟು ನುಣುಪು, ನುರಿತ ಕೈಯ ಕೆಲಸ. ಕುದುರೆ ಎರಡು ಹಂತದ್ದು. ಹಿಂದಿನದನ್ನು ಒತ್ತಿಟ್ಟರೆ ಮುಂದಿನದು ಉಸಿರು ತಾಗಿದರೂ ಟಕ್ ಎನ್ನುತ್ತದೆ. ನಳಿಗೆಯ ತುದಿಯಲ್ಲಿದ್ದ ಗುರಿಕಡ್ಡಿ ಯಾವ ದೇಶದ ಉಕ್ಕು ಎಂದು ಮಾತ್ರ ತಿಳಿಯಲಿಲ್ಲ. ಅಳತೆ ತೆಗೆದು ಬಹಳ ಯೋಚಿಸಿದೆ. ಮರುವಾರ ಬನಹಟ್ಟಿಗೆ ನನ್ನ ಮಾವನ ಮನೆಗೆ ಹೋಗಿದ್ದೆ. ಅವರು ಮಗ್ಗದವರು. ಎಳೆಗಳನ್ನು ಬೇರೆ ಬೇರೆ ಹಿಡಿಯುವ ಹಣಿಗೆಯ ಒಂದು ತುಂಡು ಕಟ್ಟೆಯ ಮೇಲೆ ಬಿದ್ದಿತ್ತು. ಊಟ ಬಿಟ್ಟು ಎದ್ದು ಅದನ್ನೇ ನೋಡುತ್ತ ನಿಂತೆ. ಅದೇ ಪಟ್ಟಿ, ಅದೇ ದಪ್ಪ. ಯಾವ ದೇಶದ್ದೂ ಅಲ್ಲ, ನನ್ನ ಮಾವನ ಓಣಿಯದು!

ಹಿಡಿಕೆ ಜಾಲಿ ಕಟ್ಟಿಗೆಯದು, ಚಾಕುವಿನಿಂದ ಕೆತ್ತಿದ್ದು. ಬೆಸುಗೆ ಹಾಕಿದವನ ಕೈ ಬೇರೆ, ಇದನ್ನು ಕೆತ್ತಿದ ಕೈ ಬೇರೆ. ಇಂಥ ಗುರಿಪಂದ್ಯದ ಪಿಸ್ತೂಲಿನ ಹಿಡಿಕೆ ಕೈಗವಸಿನ ಹಾಗೆ ಇರುತ್ತದೆ. ಅಂಗೈ ಮತ್ತು ಮೂರು ಬೆರಳು ಕಟ್ಟಿಗೆಯೊಳಗೆ ಹೋಗುತ್ತವೆ, ತೋರುಬೆರಳು ಮಾತ್ರ ಹೊರಗೆ. ಒಬ್ಬನ ಕೈಗೆ ಮಾಡಿದ್ದು ಇನ್ನೊಬ್ಬನಿಗೆ ಬರುವುದಿಲ್ಲ. ನನ್ನ ಕೈ ಅರ್ಧ ಹೋಗಿ ನಿಂತಿತು. ಕಾರ್ಖಾನೆಯಲ್ಲಿ ಹೀಗೆ ಮಾಡುವುದಿಲ್ಲ. ಯಾರೋ ಒಬ್ಬ ಮನುಷ್ಯನಿಗಾಗಿ, ಇಲ್ಲೇ, ಕೂಡಿಸಿ ಕಟ್ಟಿದ ಪಿಸ್ತೂಲು ಇದು. ನನಗೆ ಬಹಳ ಖುಷಿಯಾಯಿತು.

ಆ ಖುಷಿಯಲ್ಲೇ ತಪ್ಪು ಮಾಡಿದೆ. ಪಿಸ್ತೂಲಿನ ಜೊತೆ ಪೇದೆಯನ್ನು ಕಳಿಸಿದ್ದ ಬೀಳಗಿ ಠಾಣೆಯ ಫೌಜದಾರರು ಕೋರ್ಟಿನ ಕೆಲಸಕ್ಕೆ ಜಮಖಂಡಿಗೆ ಬಂದವರು ಅಂಗಡಿಗೆ ಇಣುಕಿದಾಗ, "ಸಾಹೇಬ್ರ, ಇದು ಇಲ್ಲೇ ಮಾಡಿದ್ದರಿ," ಎಂದುಬಿಟ್ಟೆ.

ಅವರ ಹುಬ್ಬು ಏರಿತು. "ಅಂದ್ರ ಕಂಟ್ರಿ ಪಿಸ್ತೂಲು?"

"ಛೇ, ಹಂಗಲ್ರಿ..."

"ಇಲ್ಲೇ ಮಾಡಿದ್ದು ಅಂದ್ರಿ. ಕಂಪನಿ ಹೆಸರಿಲ್ಲ. ನಂಬರ್ ಎಲ್ಲೈತಿ?"

ನಂಬರ್ ಇರಲಿಲ್ಲ. ಯಂತ್ರಭಾಗವನ್ನು ತೆಳ್ಳಗೆ ಮಾಡುವಾಗ ಅರದ ಬಾಯಿಗೆ ಸಿಕ್ಕು ಹೋಗಿತ್ತು.

"ನಂಬರ್ ಉಜ್ಜಿ ಅಳಿಸ್ಯಾರ," ಎಂದರು ಅವರು, ಈಗ ಹುಬ್ಬು ಇನ್ನೂ ಮೇಲೆ. "ಮಿಸ್ತ್ರಿ, ಇದನ್ನ ನೀವು ಕಾಗದದ ಮ್ಯಾಲ ಬರದ್ರ ನಾ ಏನ ಮಾಡ್ಲಿ ಹೇಳ್ರಿ?"

ಕೆಟ್ಟ ಮನುಷ್ಯರಲ್ಲ ಅವರು. ತಾವೇ ಒಂದು ದಾರಿ ಹೇಳಿದರು: ನಳಿಗೆಗೆ ಅಡ್ಡ ತೂತು ಕೊರೆದು, ಒಳಗೆ ಬೆಸುಗೆ ತುಂಬಿ, ಕೆಲಸಕ್ಕೆ ಬಾರದ ಹಾಗೆ ಮಾಡಲು ಅರ್ಜಿ ಕೊಡಿ, ಶೋಕೇಸಿನಲ್ಲಿ ಇಟ್ಟುಕೊಳ್ಳಿ. ಕಾಕಾನಿಗೆ ಅದು ಒಪ್ಪಿಗೆಯಾಯಿತು. ಪಕ್ಕದಲ್ಲಿ ಹುಲಿಯ ಚಿತ್ರ ಇಡಬಹುದು. ಗೌಡಶ್ಯಾನಿ ನನ್ನ ಮುಖ ನೋಡಿದರು.

ಒಂದು ಆಸೆ ಉಳಿದಿತ್ತು. ಹಳೆಯ ರೈಫಲ್ಲುಗಳಲ್ಲಿ ಕಟ್ಟಿಗೆಯ ಕೆಳಗೆ ಅಡಗುವ ಉಕ್ಕಿನ ಬಾಲದ ಮೇಲೂ ಅದೇ ನಂಬರ್ ಒತ್ತಿರುತ್ತಾರೆ. ಆದರೆ ಹಿಡಿಕೆ ಬಿಚ್ಚಬೇಕು. ಅದರ ಒಂದೇ ಸ್ಕ್ರೂ ಕೆಳಗಿನಿಂದ ಹೋಗಿ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಜೋರು ಮಾಡಿದರೆ ತಲೆ ಮುರಿಯುತ್ತದೆ, ಇಲ್ಲವೆ ಒಣಗಿದ ಜಾಲಿ ಕಟ್ಟಿಗೆ ಸೀಳುತ್ತದೆ. "ಸ್ವಲ್ಪ ಟೈಮ್ ಕೊಡ್ರಿ," ಎಂದೆ. ಫೌಜದಾರರು ಮುಂದಿನ ಕೋರ್ಟ್ ತಾರೀಖಿನವರೆಗೆ ಕೊಟ್ಟರು. ಆ ತಾರೀಖಿನವರೆಗೂ ನಾನು ಸ್ಕ್ರೂವಿಗೆ ಎಣ್ಣೆ ಬಿಡುವುದು, ಎದುರಿಗೆ ಕೂತು ಅದನ್ನು ನೋಡುವುದು, ಇಷ್ಟನ್ನೇ ಮಾಡಿದೆ. ಕೈ ಹಾಕಲು ಧೈರ್ಯವಾಗಲಿಲ್ಲ.

ತಾರೀಖಿನ ದಿನ ಮಧ್ಯಾಹ್ನ ಗೌಡಶ್ಯಾನಿ, ಕಾಕಾ ಇಬ್ಬರೂ ಬಂದು ಕೂತಿದ್ದರು. ನಾನು ಕೈ ತೊಳೆಯಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಕಾಕಾ ಅಂಗಡಿಯ ನಡುವೆ ಎದೆ ಉಬ್ಬಿಸಿ ನಿಂತಿದ್ದ. ಬಲಗೈ ಪಿಸ್ತೂಲಿನ ಹಿಡಿಕೆಯೊಳಗೆ ಪೂರ್ತಿ ಇಳಿದಿತ್ತು.

"ಮಿಸ್ತ್ರಿ, ಒಂದ ಫೋಟೋ ತಗೀರಿ."

ಬೈಯಬೇಕೆಂದುಕೊಂಡೆ, ಆದರೂ ಅವನ ಮೊಬೈಲಿನಲ್ಲಿ ತೆಗೆದೆ.

"ಈಗ ತಗೀರಿ," ಎಂದ.

"ತಗದೆನಲ್ಲರಿ."

"ಫೋಟೋ ಅಲ್ರಿ. ಕೈ."

ಎಳೆದೆ. ಬರಲಿಲ್ಲ. ಗೌಡಶ್ಯಾನಿ ಅವನ ತೋಳು ಹಿಡಿದರು, ನಾನು ನಳಿಗೆ ಹಿಡಿದೆ, ಇಬ್ಬರೂ ಜಗ್ಗಿದೆವು. ಕಾಕಾನ ಬಾಯಿಯಿಂದ ಕೂಗು ಬಂತು, ಕೈ ಬರಲಿಲ್ಲ. ಅದೇ ಹೊತ್ತಿಗೆ ಫೌಜದಾರರು ಪೇದೆಯೊಡನೆ ಒಳಗೆ ಕಾಲಿಟ್ಟರು. ಅವರಿಗೆ ಕಂಡದ್ದು ಇಷ್ಟೇ: ಕಣ್ಣು ಕೆಂಪಗಾದ ಒಬ್ಬ ಮನುಷ್ಯ, ಕೈಯಲ್ಲಿ ಪಿಸ್ತೂಲು, ಅದನ್ನು ಕಸಿಯಲು ಒದ್ದಾಡುವ ಇಬ್ಬರು.

"ಏಯ್! ಪಿಸ್ತೂಲ್ ಕೆಳಗಿಡ್ರಿ!"

"ಇಡಾಕ ಬರವಲ್ದರಿ ಸಾಹೇಬ್ರ!"

"ಕೆಳಗಿಡು ಅಂದ್ರ ಬರವಲ್ದು ಅಂತೀ?"

ಕಾಕಾ ಮರ್ಯಾದಸ್ಥ. ಯಾರು ಮಾತಾಡಿದರೂ ಅವರ ಕಡೆ ತಿರುಗಿಯೇ ಉತ್ತರ ಕೊಡುವವನು. ಅವನು ತಿರುಗಿದ ಕಡೆ ನಳಿಗೆಯೂ ತಿರುಗುತ್ತಿತ್ತು. ಪೇದೆ ಎಣ್ಣೆ ಡಬ್ಬಿಗಳ ಕಪಾಟಿನ ಹಿಂದೆ ಕೂತುಬಿಟ್ಟ. "ಗ್ವಾಡಿ ಕಡೆ ತಿರಗೋ ಮಾರಾಯಾ!" ಎಂದು ಗೌಡಶ್ಯಾನಿ ಕೂಗಿದರು. ಕಾಕಾ ಅವರ ಕಡೆ ತಿರುಗಿ, "ಯಾವ ಗ್ವಾಡಿ ವೈನಿ?" ಎಂದ.

ನಾನು ಡಬ್ಬಿಯಿಂದ ಉಕ್ಕಿನ ದಿಮ್ಮಿಯನ್ನು ಎತ್ತಿ ತೋರಿಸಿದೆ. "ಗುಂಡಿಲ್ರಿ ಸಾಹೇಬ್ರ. ಗುಂಡ ಹಾರಸೋ ಭಾಗನೂ ನನ್ನ ಕೈಯಾಗ ಐತ್ರಿ. ಅದೀಗ ಬರೇ ಕೊಳವಿ."

ಫೌಜದಾರರು ಸ್ಟೂಲಿನ ಮೇಲೆ ಕೂತರು. ಪೇದೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದ.

ಹೆಂಡತಿ ಬೆಣ್ಣೆ ತಂದಳು, ಎದುರಿನ ಸೋಡಾ ಅಂಗಡಿಯಿಂದ ಬರ್ಫ ತರಿಸಿದಳು, ಕೈ ಮೇಲೆತ್ತಿ ನಿಲ್ಲಿಸಿದಳು. ಕಾಕಾ ಪಿಸ್ತೂಲನ್ನು ಆಕಾಶಕ್ಕೆ ಎತ್ತಿ, ಮೊಣಕೈಯಿಂದ ಬೆಣ್ಣೆ ಸುರಿಸುತ್ತ ನಿಂತ. ಬಾಗಿಲಲ್ಲಿ ಜನ ಕೂಡಿದರು. ಹೊರಗಿದ್ದ ತೋರುಬೆರಳಿನ ತುದಿ ನೀಲಿಯಾಗುತ್ತಿದ್ದುದನ್ನು ಕಂಡಾಗ ನಗು ನಿಂತಿತು.

"ಗರಗಸ ತರ್ರಿ," ಎಂದರು ಫೌಜದಾರರು. "ಕಟ್ಟಿಗಿ ಕೊಯ್ದ ಬಿಡ್ರಿ."

ಗರಗಸ ಕೈಗೆ ತೆಗೆದುಕೊಂಡೆ. ಕಟ್ಟಿಗೆಯ ಮೇಲೆ ಇಟ್ಟೆ ಕೂಡ. ಕೊಯ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಆದರೆ ಆ ಹಿಡಿಕೆ ಹೋದರೆ ಉಳಿಯುವುದು ಎರಡು ರೈಫಲ್ಲಿನ ತುಂಡುಗಳು, ಪಿಸ್ತೂಲಲ್ಲ. ಅಷ್ಟರಲ್ಲಿ ಹೊಳೆಯಿತು: ಕೈ ಸಿಕ್ಕಿರುವುದು ಕಟ್ಟಿಗೆ ಮತ್ತು ಉಕ್ಕಿನ ಬಾಲದ ನಡುವೆ. ಬಾಲವನ್ನು ಹೊರಗೆ ಎಳೆದರೆ ಒಳಗೆ ಜಾಗ ಆಗುತ್ತದೆ. ಅಂದರೆ ಇಷ್ಟು ದಿನ ಹೆದರಿಕೊಂಡು ಕೂತ ಅದೇ ಸ್ಕ್ರೂ!

"ಗೌಡಶ್ಯಾನೇರ, ಗರಗಸ ಬ್ಯಾಡ. ಸ್ಕ್ರೂ ನೋಡತೇನ್ರಿ. ಸ್ವಲ್ಪ ಸುಡಬಹುದು."

"ನಿಮಗ ಸರಿ ಅನಿಸಿದ್ದ ಮಾಡ್ರಿ," ಎಂದರು ಅವರು. "ಕೈ ನಮ್ಮ ಮೈದುನಂದು. ನಾಳಿ ಹಂಗs ಸರಿ ಆಗತೈತಿ."

"ವೈನಿ!"

ಬೆಸುಗೆ ಹಾಕುವ ಕಾವಿನ ಕಡ್ಡಿಯನ್ನು ಕಾಯಿಸಿ ಸ್ಕ್ರೂವಿನ ತಲೆಗೆ ಒತ್ತಿ ಹಿಡಿದೆ. ಕಾದ ಸ್ಕ್ರೂ ಹಿಗ್ಗಿ ತುಕ್ಕನ್ನು ಒಡೆಯಬೇಕು, ತಣಿದಾಗ ಕುಗ್ಗಿ ಎಣ್ಣೆಯನ್ನು ಒಳಗೆ ಎಳೆದುಕೊಳ್ಳಬೇಕು. ಕಾಯಿಸಿದೆ, ಬರ್ಫ ಇಟ್ಟೆ, ಎಣ್ಣೆ ಬಿಟ್ಟೆ. ಕಾಕಾ ಮಹಾದೇವನ ಎಲ್ಲ ಹೆಸರು ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಸುರು ಮಾಡಿದ. ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂಡುವ ಹಾಗೆ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಕಲ್ಲಿಗೆ ಉಜ್ಜಿದೆ. ಅದು ಗೀರಿನಲ್ಲಿ ಅಲುಗದೆ ನಿಂತಿತು. ಮೊದಲು ಸ್ವಲ್ಪ ಬಿಗಿಮಾಡುವ ಕಡೆಗೇ ತಿರುಗಿಸಿದೆ, ಆಮೇಲೆ ಸಡಿಲ ಮಾಡುವ ಕಡೆಗೆ. ಕಿರ್ರ್ ಎಂದಿತು. ಮುರಿಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ಮುರಿದಿರಲಿಲ್ಲ, ತಿರುಗಿತ್ತು.

ಪಿಸ್ತೂಲು ನನ್ನ ಕೈಗೆ ಬಂತು, ಹಿಡಿಕೆ ಕಾಕಾನ ಕೈಯಲ್ಲೇ ಉಳಿಯಿತು. ಉಕ್ಕಿನ ಬಾಲದ ಮೇಲಿನ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿದೆ. ಅಂಕಿಗಳು ಕಂಡವು. ಫೌಜದಾರರು ಪರವಾನಗಿ ತೆರೆದು ಓದಿದರು, ನಾನು ಉಕ್ಕು ನೋಡುತ್ತ ಓದಿದೆ. ಇಬ್ಬರ ಬಾಯಲ್ಲೂ ಒಂದೇ ನಂಬರ್ ಬಂತು. "ಐತಲ್ಲೋ!" ಎಂದು ಅವರು ನನ್ನ ಬೆನ್ನಿಗೆ ಗುದ್ದಿದರು. ಬಾಗಿಲಲ್ಲಿದ್ದ ಜನ ಯಾಕೆಂದು ತಿಳಿಯದೆಯೇ ಚಪ್ಪಾಳೆ ಹೊಡೆದರು.

"ನನ್ನ ಕೈರಿ..." ಎಂದ ಕಾಕಾ.

ಬಾಲ ಹೋದ ತೂತಿನಿಂದ ಎಣ್ಣೆ ಸುರಿದು, ಬೆರಳುಗಳನ್ನು ಒಂದೊಂದಾಗಿ ಒಳಗಿನಿಂದ ನೂಕಿದೆ. ಕೈ ಜಾರಿ ಹೊರಗೆ ಬಂತು, ಕೆಂಪಗೆ, ಸುಕ್ಕುಸುಕ್ಕಾಗಿ, ಈಗ ಹುಟ್ಟಿದ ಕೂಸಿನ ಹಾಗೆ.

ಕೈ ಯಾಕೆ ಸಿಕ್ಕಿತು ಎಂದು ಹಿಡಿಕೆಯೊಳಗೆ ಬೆಳಕು ಬಿಟ್ಟು ನೋಡಿದೆ. ಒಳಗೆ ಕಟ್ಟಿಗೆಯ ಮೇಲೆ ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿಯನ್ನು ಅಲ್ಲಲ್ಲಿ ಮೆತ್ತಿದ್ದರು. ಪುಟ್ಟಿಯ ಮೇಲೆ ಮತ್ತೆ ಪುಟ್ಟಿ. ಫೌಜದಾರರು, "ಅದನ್ನ ಕೆರದ ಬಿಡ್ರಿ, ಇಲ್ಲಂದ್ರ ಮತ್ತ ಯಾರರ ಸಿಗತಾರ," ಎಂದರು. ನನಗೂ ಹಾಗೇ ಅನ್ನಿಸಿ ಕೆರೆಯುವ ಉಳಿ ತೆಗೆದುಕೊಂಡೆ. ಮೂಲ ಕೆಲಸ ಜಾಲಿ ಕಟ್ಟಿಗೆಯದು, ಇದು ಆಮೇಲಿನ ತೇಪೆ. ಆದರೆ ಬೆಳಕು ಓರೆಯಾಗಿ ಬಿದ್ದಾಗ ಪುಟ್ಟಿಯ ಮೇಲೆ ಗೆರೆಗಳು ಕಂಡವು. ಬೆರಳಿನ ಸಂದಿನ ಗೆರೆಗಳು, ಅಂಗೈಯ ಮಡಿಕೆ. ಹಸಿ ಇದ್ದಾಗಲೇ ಕೈ ಒತ್ತಿ ಕೂತಿದ್ದರು ದೊಡ್ಡ ಗೌಡರು. ಕೆಳಗಿನ ಪದರಿನ ಗುರುತು ಅಗಲ, ಮೇಲಿನದು ಸಣ್ಣದು. ವಯಸ್ಸಾಗುತ್ತ ಕೈಯ ಮಾಂಸ ಕರಗಿದಂತೆಲ್ಲ ಅವರು ಹಿಡಿಕೆಯನ್ನು ಒಳಗಿನಿಂದ ತುಂಬುತ್ತ ಬಂದಿದ್ದರು.

ಗೌಡಶ್ಯಾನಿ ಬಗ್ಗಿ ನೋಡಿದರು. "ಅಯ್ಯ! ಕಿಟಕಿಗೆ ಅಂತ ಪುಟ್ಟಿ ತರಸತಿದ್ರಲ್ಲರಿ! ಡಬ್ಬಿಗಟ್ಲೆ ತರಸಿದ್ರು, ಕಿಟಕಿ ಗಾಜು ಮಾತ್ರ ಎಂದೂ ಕೂಡಲಿಲ್ಲ. ನಾ ಪೇಂಟರಗ ಬೈದೇನಿ." ಆಮೇಲೆ ತಮ್ಮ ಬೆರಳನ್ನು ಒಳಗೆ ಇಳಿಬಿಟ್ಟು ಆ ಗೆರೆಗಳನ್ನು ಮುಟ್ಟಿದರು. "ಇಷ್ಟ ಸಣ್ಣ ಕೈ ಏನ್ರಿ ಅವರದು? ನಾ ಆ ಕೈಗೆ ಎಷ್ಟ ಅಂಜತಿದ್ದೆ."

ಉಳಿಯನ್ನು ಪೆಟ್ಟಿಗೆಯಲ್ಲಿಟ್ಟೆ. ಪುಟ್ಟಿಯನ್ನು ಹಾಗೆಯೇ ಉಳಿಸುವುದೆಂದು ನಿರ್ಧರಿಸಿದೆ. ಸಡಿಲಾದ ಅಂಚುಗಳಿಗೆ ತೆಳು ಸರಸಿನ ಅಂಟು ಬಿಟ್ಟು ಕೂಡಿಸಿದೆ, ಕಟ್ಟಿಗೆಗೆ ಅಗಸೆ ಎಣ್ಣೆಯ ಒಂದೇ ಕೈ. ಉಕ್ಕಿಗೆ ಹೊಸ ಬಣ್ಣ ಕೊಡಲಿಲ್ಲ. ಸ್ಕ್ರೂವನ್ನೂ ಅದನ್ನೇ ಹಾಕಿದೆ.

ವರದಿಯಲ್ಲಿ ಯಾವುದನ್ನೂ ಮುಚ್ಚಿಡಲಿಲ್ಲ: ಕಾರ್ಖಾನೆಯ ನಳಿಗೆ, ಕಾರ್ಖಾನೆಯ ಯಂತ್ರಭಾಗ, ನಂಬರ್ ಇಂಥ ಜಾಗದಲ್ಲಿ ಇದೆ, ಗುರಿಪಂದ್ಯಕ್ಕಾಗಿ ಒಬ್ಬರ ಕೈಗೆ ಹೊಂದಿಸಿ ಕಟ್ಟಿದ್ದು, ಕಟ್ಟಿದವರ ಹೆಸರು ತಿಳಿದಿಲ್ಲ. ನಡೆಯುತ್ತದೆಯೋ ಇಲ್ಲವೋ ನೋಡಲು ಅಪ್ಪಣೆ ಪಡೆದು ಪೊಲೀಸರ ಗುರಿ ಮೈದಾನದಲ್ಲಿ ಹಾರಿಸಿದೆವು. ಯಾರ ಕೈಗೂ ಹೊಂದದ್ದರಿಂದ ಮೇಜಿಗೆ ಜೋಡಿಸುವ ಕಬ್ಬಿಣದ ಹಿಡಿತ, ಶಿಕಂಜಿಯಲ್ಲಿ ಮೆತ್ತಗೆ ಬಿಗಿದು, ಕುದುರೆಗೆ ದಾರ ಕಟ್ಟಿ ಎಳೆದೆ. ಪ್ರತಿ ಗುಂಡೂ ಹೋಗಿ ಮೊದಲಿನ ತೂತಿಗೇ ಸೇರಿತು. ಫೌಜದಾರರು ಗುರಿಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಹುಲಿ ಸಾಯತಿತ್ತೇನ್ರಿ ಇದರಿಂದ?" ಎಂದು ಕಾಕಾ ಮೆಲ್ಲಗೆ ಕೇಳಿದ. "ಸಾಯತಿದ್ದಿಲ್ರಿ. ಸಿಟ್ಟಿಗೇಳತಿತ್ತು," ಎಂದೆ.

ಪರವಾನಗಿ ಗೌಡಶ್ಯಾನಿಯ ಹೆಸರಿಗೆ ಬಂದ ಮೇಲೆ ಪಿಸ್ತೂಲನ್ನು ಎಲ್ಲಿ ಹೇಗೆ ಇಡಬೇಕೆಂದು ತೋರಿಸಲು ಅವರ ಊರಿಗೆ ಹೋದೆ. ಕಬ್ಬಿಣದ ಕಪಾಟು, ತೇವ ಹೀರುವ ಪುಡಿಯ ಚೀಲ, ಖಂಡೆಪೂಜೆಗೆ ಹೂ ಮಾತ್ರ, ಕುಂಕುಮ ತಟ್ಟೆಯಲ್ಲಿ. ಅವರು ಎಲ್ಲವನ್ನೂ ಕೇಳಿ, "ಇಂಥಾದ್ರಾಗ ಗುಂಡ ಇಲ್ಲದನೂ ರೂಢಿ ಮಾಡತಾರೇನ್ರಿ?" ಎಂದರು.

"ಹೌದ್ರಿ. ಗುಂಡಿಗಿಂತ ಅದs ಹೆಚ್ಚು. ಖಾಲಿ ಪಿಸ್ತೂಲು ಹಿಡದು ಗ್ವಾಡಿ ಮ್ಯಾಲ ಒಂದ ಚುಕ್ಕಿ ನೋಡಕೋತ ನಿಂದರತಾರ. ಉಸರಾಟದ ಸಪ್ಪಳನೂ ಆಗಬಾರದು."

ಅವರು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಮಾವ ಮಧ್ಯಾಹ್ನಗಳಲ್ಲಿ ಬಾಗಿಲು ಹಾಕಿಕೊಂಡು ಅಲ್ಲಿ ಇರುತ್ತಿದ್ದರಂತೆ. ಗೌಡರು ಸಿಟ್ಟಿನಲ್ಲಿದ್ದಾರೆ ಎಂದು ಮನೆಯವರೆಲ್ಲ ಕಾಲುಗೆಜ್ಜೆ ಬಿಚ್ಚಿಟ್ಟು ಓಡಾಡುತ್ತಿದ್ದರಂತೆ. ಪಾತ್ರೆ ಬಿದ್ದರೆ ಎದೆ ಧಸಕ್ಕನ್ನುತ್ತಿತ್ತಂತೆ.

"ಈ ಗ್ವಾಡಿಗೆ ಪ್ರತಿ ದೀವಳಗಿಗೆ ಸುಣ್ಣ ಹಚ್ಚತಿದ್ದೆರಿ," ಎಂದರು. "ಮುಂದ ಒಂದ ವಾರದಾಗ ಒಂದ ಕರಿ ಚುಕ್ಕಿ ಬರತಿತ್ತು. ಹೊಲಸ ಅಂತ ನಾ ತಿಕ್ಕಿ ತಿಕ್ಕಿ ತಗೀತಿದ್ದೆ. ಮತ್ತ ಬರತಿತ್ತು. ಮತ್ತ ತಗೀತಿದ್ದೆ. ಒಂದ ದಿನಾನೂ ಬಾಯಿ ಬಿಟ್ಟು ಅನಲಿಲ್ಲ ನೋಡ್ರಿ ಅವರು!"

ಹೇಳುತ್ತ ಹೇಳುತ್ತ ನಗು ಬಂತು ಅವರಿಗೆ. ಸೆರಗು ಬಾಯಿಗೆ ಒತ್ತಿಕೊಂಡರು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರೂ ಬಂತು. ಕಾಕಾ ಬಾಗಿಲಲ್ಲಿ ನಿಂತು ಗಾಬರಿಯಿಂದ ನೋಡುತ್ತಿದ್ದ. ಅವರು ಒಳಗೆ ಹೋಗಿ ಕಾಡಿಗೆಯ ಡಬ್ಬಿ ತಂದರು, ಬೆರಳಿಗೆ ಹಚ್ಚಿಕೊಂಡು ಬಿಳಿ ಗೋಡೆಯ ಮುಂದೆ ನಿಂತರು.

"ಎಷ್ಟ ಎತ್ತರಕ್ಕಿರಬೇಕ್ರಿ ಮಿಸ್ತ್ರಿಯವರ?"

"ನಿಂತವರ ಕಣ್ಣಿನ ಮಟ್ಟಕ್ಕರಿ."

ಅವರು ನೆಟ್ಟಗೆ ನಿಂತು, ತಮ್ಮದೇ ಕಣ್ಣಿನ ಎತ್ತರ ನೋಡಿಕೊಂಡು, ಗೋಡೆಗೆ ಬೆರಳೊತ್ತಿದರು.